ಇಂದಿನ ಧಮ್ಮ ಚಿಂತನೆ: ಮಗು ಉಂಟು ಎಂದು ಹೇಳುವುದೇ?

 

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಬಿ.ಕಾಂ. ಓದಿದವಳು, ಹೆರಿಗೆಗೆ ಮೊದಲು ಮೂರು ವರ್ಷ ಅಕೌಂಟ್ಸ್ ಕೆಲಸ ಮಾಡಿದವಳು. ಮಗುವಿಗೆ ಈಗ ಐದು ತಿಂಗಳು. ಮಂಗಳೂರಿನ ಒಂದು ಕಚೇರಿಯಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು.

"ಚಿಕ್ಕಮ್ಮ, ಮಗು ಉಂಟು ಅಂತ ಹೇಳುದಾ ಬೇಡ್ವಾ? ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರ್ತೇನೆ, ಆ ಕೆಲಸ ರಾತ್ರಿ ಮನೆಯಲ್ಲೇ ಮುಗಿಸ್ತೇನೆ ಅಂತ ಕೇಳ್ಬೇಕು. ಕೇಳಿದ್ರೆ ಕೆಲಸವೇ ಸಿಗ್ಲಿಕ್ಕಿಲ್ಲ. ಹೇಳದೆ ಸೇರಿದ್ರೆ ಸುಳ್ಳು ಹೇಳಿದ ಹಾಗೆ ಆಗ್ತದಾ?"

ವಿಟ್ಲದಿಂದ ಬಸ್ಸಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಆ ಒಂದು ಗಂಟೆಯ ಬೆಲೆ ಗೊತ್ತು. ಒಂಬತ್ತಕ್ಕೆ ಅಲ್ಲಿರಬೇಕಾದರೆ ಏಳಕ್ಕೆ ಮೊದಲೇ ಮನೆ ಬಿಡಬೇಕು. ಕಲ್ಲಡ್ಕ, ಬಿ.ಸಿ.ರೋಡ್ ದಾಟಿ ವಾಪಸ್ಸು ಬರುವಾಗ ಕತ್ತಲೆ. ಮಗು ಏಳುವ ಮೊದಲು ಹೊರಟು, ಅದು ಮಲಗುವ ಹೊತ್ತಿಗೆ ಮನೆ ಸೇರಬೇಕು.

ಅವಳಿಗೆ ನಾನು ಕೂಡಲೇ ಉತ್ತರ ಕೊಡಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯ ಎದುರು ಒಮ್ಮೆ ಸುಳ್ಳು ಹೇಳಿದವಳು ನಾನು.

ಹದಿನೆಂಟು ವರ್ಷದ ಹಿಂದಿನ ಮಾತು. ಎಂ.ಎ. ಮುಗಿದಿತ್ತು, ಸರಕಾರಿ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಒಂದು ಖಾಸಗಿ ಶಾಲೆಯ ಸಂದರ್ಶನದಲ್ಲಿ "ಸಣ್ಣ ಮಕ್ಕಳಿದ್ದಾರಾ?" ಎಂದು ಕೇಳಿದರು. "ಒಬ್ಬ ಮಗ, ಎರಡು ವರ್ಷ" ಎಂದೆ. ಅವನಿಗೆ ಆಗ ನಾಲ್ಕು ತಿಂಗಳು. ಕೆಲಸ ಸಿಕ್ಕಿತು. ಮೂರನೇ ಪೀರಿಯಡ್ ಹೊತ್ತಿಗೆ ಎದೆ ತುಂಬಿ ಸೀರೆ ಒದ್ದೆಯಾಗುತ್ತಿತ್ತು. ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಹಳೆಗನ್ನಡ ಪದ್ಯ ವಿವರಿಸಿದ್ದೇನೆ. ಆಗ ನಾವು ದೀಕ್ಷೆ ತೆಗೆದುಕೊಂಡಿರಲಿಲ್ಲ, ಪಂಚಶೀಲ ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಬಹುದು. ಆದರೆ ನನ್ನನ್ನು ಈಗಲೂ ಚುಚ್ಚುವುದು ಆ ಸುಳ್ಳಲ್ಲ.

ಎರಡು ವರ್ಷ ಕಳೆದ ಮೇಲೆ ಜೊತೆಯ ಟೀಚರೊಬ್ಬರು ಹೆರಿಗೆ ಮುಗಿಸಿ ಬಂದರು. ಮಧ್ಯಾಹ್ನ ಮನೆಗೆ ಹೋಗಿ ಹಾಲು ಕೊಟ್ಟು ಬರಲು ಅರ್ಧ ಗಂಟೆ ಹೆಚ್ಚು ಕೇಳಿದರು. ಆಡಳಿತದವರು ನನ್ನ ಕಡೆ ಕೈ ತೋರಿಸಿದರು: "ಇವರಿಗೂ ಮಗು ಇತ್ತು. ಒಂದು ದಿನ ಏನಾದರೂ ಕೇಳಿದ್ದಾರಾ?" ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು, ಅದನ್ನೂ ಹೇಳಿಬಿಡಬೇಕು. ಆ ಟೀಚರು ತಿಂಗಳ ಕೊನೆಗೆ ಕೆಲಸ ಬಿಟ್ಟರು. ನನ್ನ ಮೌನ ಇನ್ನೊಬ್ಬಳ ಬೆನ್ನಿಗೆ ಬಿದ್ದ ಬೆತ್ತವಾಯಿತು.

ನಾನು ಯಾಕೆ ಕೇಳಲಿಲ್ಲ? ಮಗುವಿಗೆ ಹದಿನೈದು ತಿಂಗಳು ತುಂಬುವ ತನಕ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಅದು ನನಗೆ ತಿಳಿದಿರಲಿಲ್ಲ, ನಿಜ. ತಿಳಿದಿದ್ದರೂ ಕೇಳುತ್ತಿರಲಿಲ್ಲ. "ಇವರಿಗೆ ಎಲ್ಲದರಲ್ಲೂ ರಿಯಾಯಿತಿ ಬೇಕು" ಎಂಬ ಮಾತನ್ನು ಕಾಲೇಜಿನಿಂದಲೇ ಕೇಳಿ ಬೆಳೆದವಳು. ಇನ್ನೊಮ್ಮೆ ಆ ಮಾತಿಗೆ ಅವಕಾಶ ಕೊಡಬಾರದು, ಎಲ್ಲರಿಗಿಂತ ಎರಡು ಪಾಲು ದುಡಿದು ತೋರಿಸಬೇಕು ಎಂಬ ಹಟ. ನಮ್ಮಲ್ಲಿ ಹಲವರಿಗೆ ಈ ಹಟ ಉಂಟು. ಇದನ್ನು ಸ್ವಾಭಿಮಾನ ಎಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಅರ್ಧಕ್ಕರ್ಧ ಹೆದರಿಕೆ.

ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯನ್ನು ಬೆಂಬಲಿಸಿ ಮಾತಾಡಿದರು. ತಾಯಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಅದರ ಹೊರೆಯಲ್ಲಿ ದೊಡ್ಡ ಪಾಲು ಸರಕಾರದ್ದು, ಹೆಂಗಸರನ್ನು ದುಡಿಸಿ ಲಾಭ ಪಡೆಯುವ ಮಾಲಕರೂ ಕೈ ತೊಳೆದುಕೊಳ್ಳುವ ಹಾಗಿಲ್ಲ ಎಂಬುದು ಅವರ ವಾದ. ಮರುವರ್ಷ, 1929ರಲ್ಲಿ, ಕಾಯ್ದೆ ಆಯಿತು. ಆ ಮಾತಿನಲ್ಲಿ ದಯೆ ತೋರಿ ಎಂಬ ಬೇಡಿಕೆ ಎಲ್ಲಿಯೂ ಇಲ್ಲ. ಯಾರ ಪಾಲು ಎಷ್ಟು ಎಂಬ ಲೆಕ್ಕ ಇದೆ.

ಆ ಲೆಕ್ಕ ನಮ್ಮ ಮನೆಗಳಿಗೆ ಸರಿಯಾಗಿ ಬರಲೇ ಇಲ್ಲ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ಎಲೆ, ಹೊಗೆಸೊಪ್ಪಿನ ತಡ್ಪೆ, ಕಾಲ ಹೆಬ್ಬೆರಳಿಗೆ ಸೀರೆ ತೊಟ್ಟಿಲಿನ ಹಗ್ಗ. ಈಗ 'ವರ್ಕ್ ಫ್ರಮ್ ಹೋಮ್' ಎಂದು ಹೊಸದಾಗಿ ಹೇಳುವುದನ್ನು ಬಂಟ್ವಾಳ ತಾಲೂಕಿನ ಹೆಂಗಸರು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಸಮಯ ಅವರದ್ದೇ, ಹೌದು. ಆದರೆ ಮಗುವಿಗೆ ಜ್ವರ ಬಂದ ದಿನ ಕಟ್ಟದ ಬೀಡಿಗೆ ಮಜೂರಿ ಇಲ್ಲ, ಬ್ರಾಂಚಿನಲ್ಲಿ ತೆಗೆದುಹಾಕಿದ ಬೀಡಿಗೂ ಇಲ್ಲ. ತೊಟ್ಟಿಲ ಮಗು ಉಸಿರಾಡಿದ್ದು ಹೊಗೆಸೊಪ್ಪಿನ ಹುಡಿ. ನನ್ನ ಮಗನನ್ನೂ ನಾನು ಶಾಲೆಗೆ ಹೋಗುವಾಗ ಅದೇ ಜಗಲಿಯಲ್ಲಿ ಅಮ್ಮನ ಹತ್ತಿರ ಬಿಟ್ಟು ಹೋಗುತ್ತಿದ್ದೆ.

ಇನ್ನು ಸುಳ್ಳಿನ ಪ್ರಶ್ನೆ. ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತ ನೆನಪಿರಬಹುದು. ಸರಿಯಾದ ಮಾತು ಯಾವುದು ಎಂಬ ಆ ಚರ್ಚೆಯ ಹೊತ್ತಿಗೆ ರಾಜಕುಮಾರನ ತೊಡೆಯ ಮೇಲೆ ಒಂದು ಎಳೆ ಮಗು ಇರುತ್ತದೆ. ಅದರ ಬಾಯಿಗೆ ಕಡ್ಡಿಯೋ ಕಲ್ಲೋ ಹೋದರೆ ಏನು ಮಾಡುವೆ ಎಂದು ಭಗವಾನರು ಕೇಳುತ್ತಾರೆ. ರಕ್ತ ಬಂದರೂ ಸರಿ, ತೆಗೆಯುತ್ತೇನೆ, ಮಗುವಿನ ಮೇಲಿನ ಕರುಣೆಯಿಂದ ಎನ್ನುತ್ತಾನೆ ಅವನು. ಆಮೇಲೆ ಭಗವಾನರು ಮಾತಿನ ಅಳತೆಗೋಲು ಹೇಳುತ್ತಾರೆ: ಅದು ನಿಜವೇ, ಹಿತವೇ, ಕೇಳುವವರಿಗೆ ಇಷ್ಟವೇ. ನಿಜವೂ ಹಿತವೂ ಆದ ಮಾತು ಇಷ್ಟವಾಗದಿದ್ದರೂ ಆಡಬೇಕು, ಆದರೆ ಹೊತ್ತು ನೋಡಿ. (ಗಂಡಸಿನ ತೊಡೆಯ ಮೇಲೆ ಮಗು ಇರುವುದನ್ನು ಗಮನಿಸಿ. ಅಕ್ಕನ ಮಗಳ ಗಂಡನೂ ಇತ್ತೀಚೆಗೆ ಕೆಲಸ ಬದಲಿಸಿದ. ಮಗು ಉಂಟಾ ಎಂದು ಅವನಲ್ಲಿ ಒಬ್ಬರೂ ಕೇಳಲಿಲ್ಲ.)

ಅವಳಿಗೆ ನಾನು ಹೇಳಿದ್ದು ಹೀಗೆ. ಕೇಳದಿದ್ದಾಗ ಹೇಳದೆ ಇರುವುದು ಸುಳ್ಳಲ್ಲ. ಕೇಳಿದಾಗ ನನ್ನ ಹಾಗೆ ನಾಲ್ಕು ತಿಂಗಳನ್ನು ಎರಡು ವರ್ಷ ಮಾಡಬೇಡ. ಮೊದಲು ನಿನ್ನ ಕೆಲಸದ ಬಗ್ಗೆ ಮಾತಾಡು. ಅವರು ಸಂಬಳದ ಮಾತಿಗೆ ಬಂದಾಗ ಸಮಯದ ಮಾತನ್ನೂ ನೀನೇ ಎತ್ತು, ಎರಡೂ ಒಂದೇ ಒಪ್ಪಂದದ ಭಾಗ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದ್ದು ಎಲ್ಲರಿಗೂ ಗೊತ್ತು. 50 ಜನ ಇರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂಬುದು ಸ್ವಲ್ಪ ಜನರಿಗೆ ಗೊತ್ತು. ಕಾಯ್ದೆಯ ಸೌಲಭ್ಯಗಳನ್ನೆಲ್ಲ ಹೆಂಗಸಿಗೆ ಕೆಲಸಕ್ಕೆ ಸೇರಿಸುವಾಗಲೇ ಲಿಖಿತವಾಗಿ ತಿಳಿಸಬೇಕು ಎಂಬುದೂ ಆ ತಿದ್ದುಪಡಿಯಲ್ಲೇ ಇತ್ತು. ಬೆಳಗಿನ ಒಂದು ಗಂಟೆ ಕಾಯ್ದೆಯಲ್ಲಿ ಇಲ್ಲ, ಅದು ಮಾತುಕತೆಯಲ್ಲಿ ತೀರ್ಮಾನ ಆಗಬೇಕಾದದ್ದು. ಆದರೆ ಮಾತು ಎತ್ತುವುದೇ ತಪ್ಪು ಎಂದುಕೊಳ್ಳಬೇಡ. ಸಿಗಾಲೋವಾದ ಸುತ್ತದಲ್ಲಿ ಒಡೆಯನ ಕರ್ತವ್ಯಗಳಲ್ಲಿ ಮೊದಲನೆಯದೇ ಆಳಿನ ಶಕ್ತಿಗೆ ತಕ್ಕ ಹಾಗೆ ಕೆಲಸ ಹಂಚುವುದು, ಕೊನೆಯದು ಹೊತ್ತು ನೋಡಿ ಬಿಡುವು ಕೊಡುವುದು.

ಇಷ್ಟೆಲ್ಲ ಹೇಳಿದ ಮೇಲೆ ನನಗೇ ಕಸಿವಿಸಿ. ಈಗ ನನ್ನದು ಸರಕಾರಿ ಕೆಲಸ. ಕೇಳು ಎಂದು ಹೇಳುವುದು ನನಗೆ ಸುಲಭ, ಕೆಲಸ ತಪ್ಪಿದರೆ ತಪ್ಪುವುದು ಅವಳಿಗೆ. ಅದನ್ನೂ ಅವಳಿಗೆ ಹೇಳಿದೆ. "ಗೊತ್ತು ಚಿಕ್ಕಮ್ಮ" ಎಂದಳು.

ಅವಳು ಕೇಳಿದಳು. "ತಿಳಿಸ್ತೇವೆ" ಎಂದರಂತೆ. ಹನ್ನೆರಡು ದಿನ ಆಯಿತು, ಫೋನ್ ಬಂದಿಲ್ಲ. ಬರುವ ಗುರುವಾರ ಬಿ.ಸಿ.ರೋಡಿನಲ್ಲಿ ಇನ್ನೊಂದು ಇಂಟರ್‌ವ್ಯೂ ಉಂಟು, ಅಲ್ಲಿಯೂ ಕೇಳುತ್ತಾಳಂತೆ. ಅವಳು ಒಳಗೆ ಹೋದಾಗ ಮಗುವನ್ನು ಹಿಡಿದುಕೊಳ್ಳಲು ಜನ ಬೇಕು. ನಿನ್ನೆ ರಜೆ ಅರ್ಜಿ ಬರೆದೆ. ಕಾರಣ ಎಂಬಲ್ಲಿ ಅಭ್ಯಾಸದಂತೆ 'ಅನಾರೋಗ್ಯ' ಎಂದು ಬರೆಯಲು ಹೊರಟಿದ್ದೆ. ಅದನ್ನು ಬಿಟ್ಟು, 'ಅಕ್ಕನ ಮಗಳ ಮಗುವನ್ನು ನೋಡಿಕೊಳ್ಳಲು' ಎಂದೇ ಬರೆದು ಕೊಟ್ಟಿದ್ದೇನೆ.