ಮೂರು ಎಕ್ಕದ ಋಣ

ತೀರಿಕೊಂಡ ಗೆಳೆಯನನ್ನು ಯಾವುದರಿಂದ ನೆನೆಯಬೇಕು? ಮಾಡಿದ ಕೆಲಸದಿಂದ, ಕಷ್ಟಕಾಲದಲ್ಲಿ ಹೆಗಲು ಕೊಟ್ಟ ರೀತಿಯಿಂದ ಎಂದು ಯಾರಾದರೂ ಹೇಳುತ್ತಾರೆ. ನನ್ನ ಗೆಳೆಯನ ಬಗ್ಗೆ ಹೇಳಲು ಅಂಥವು ಬೇಕಾದಷ್ಟಿವೆ. ಆದರೂ ಅವನ ನೆನಪಾದಾಗ ಮೊದಲು ಕಣ್ಣಿಗೆ ಕಟ್ಟುವುದು, ಗೋವಾಕ್ಕೆ ಹೊರಟಿದ್ದ ರೈಲಿನಲ್ಲಿ ಅವನ ಕೈಗೆ ಬಂದ ಮೂರು ಎಕ್ಕ. ಬರೀ ಅದೃಷ್ಟದಿಂದ ಬಂದದ್ದರಲ್ಲಿ ಅವನದೇನಿತ್ತು ಎಂದು ಕೇಳಬಹುದು. ಅಲ್ಲಿ ಅವನು ಪೂರ್ತಿಯಾಗಿ ಇದ್ದ ಎಂಬುದು ನನ್ನ ವಾದ.

ಗಾಡಿ ಕ್ಯಾಸಲ್‌ರಾಕ್ ಬಿಟ್ಟು ಕುಳೆಂ ಕಡೆಗೆ ಘಟ್ಟ ಇಳಿಯುತ್ತಿತ್ತು. ಸುರಂಗ ಬಂದಾಗಲೆಲ್ಲ ಎಲೆಗಳನ್ನು ಎದೆಗೆ ಒತ್ತಿಕೊಂಡು ಕೂರುತ್ತಿದ್ದೆವು. ಸೂಟ್‌ಕೇಸಿನ ಮೇಲೆ ಟವೆಲ್ ಹಾಸಿ ಮೂರೆಲೆ ಆಟ. ಪಣಕ್ಕೆ ಹುರಿದ ಶೇಂಗಾ. ಶೋ ಕೇಳಿದಾಗ ಅವನು ಎಲೆ ಬಿಚ್ಚಿದ: ಇಸ್ಪೀಟು, ಆಟೀನು, ಕಳಾವರ್, ಮೂರೂ ಎಕ್ಕ. ಶೇಂಗಾದತ್ತ ಅವನ ಕೈ ಹೋಗಲಿಲ್ಲ. ಒಬ್ಬೊಬ್ಬರಿಗೂ ಎಲೆ ತೋರಿಸಿದ, ಎದುರು ಸೀಟಿನಲ್ಲಿದ್ದ ಅಪರಿಚಿತ ಅಜ್ಜಿಗೂ. “ಚಲೋ ಏನಪಾ ಇದು?” ಎಂದರು ಅಜ್ಜಿ. “ಭಾಳ ಚಲೋ ಐತ್ರಿ ಅಜ್ಜಿ. ನಮಗೆಲ್ಲಾರಿಗೂ ಬಂದೈತಿ ನೋಡ್ರಿ” ಎಂದ.

52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ತೆಗೆಯಬಹುದು. ಅವನಿಗೆ ಬಂದದ್ದು ಅವುಗಳಲ್ಲಿ ಒಂದು. ನನ್ನ ಕೈಯಲ್ಲಿದ್ದ, ಯಾವ ಜೋಡಿಯೂ ಆಗದ ಎಲೆಗಳೂ ಅವುಗಳಲ್ಲಿ ಒಂದೇ. ಲೆಕ್ಕದ ಕಣ್ಣಿಗೆ ಎರಡೂ ಅಷ್ಟೇ ಅಪರೂಪ; ಒಂದನ್ನು ಎತ್ತಿ ಮೆರೆಸುವುದು ಆಟದ ನಿಯಮ. ಮನುಷ್ಯರ ವಿಷಯವೂ ಇದರಿಂದ ದೂರವಿಲ್ಲ. ಯಾವ ಊರಿನಲ್ಲಿ ಹುಟ್ಟಿದೆವು, ತರಗತಿಯಲ್ಲಿ ಯಾರ ಪಕ್ಕ ಕೂತೆವು ಎಂಬುದನ್ನು ನಾವು ಆರಿಸಿಕೊಂಡಿರುವುದಿಲ್ಲ. ಅವನು ನನಗೆ ಸಿಕ್ಕದ್ದಕ್ಕೆ ನನ್ನ ಯೋಗ್ಯತೆ ಕಾರಣವಲ್ಲ. ಗೆಳೆತನ ಬೆಳೆದ ಮೇಲೆ ಮಾತ್ರ ಅವನ ಜಾಗವನ್ನು ಇನ್ನೊಬ್ಬರು ತುಂಬುವುದು ಅಸಾಧ್ಯವಾಯಿತು.

1967ರಲ್ಲಿ ಸುಪ್ರೀಂ ಕೋರ್ಟ್, ಕೆ. ಸತ್ಯನಾರಾಯಣ ಪ್ರಕರಣದಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆ ಬರೀ ಅದೃಷ್ಟದ ಆಟ ಎಂದು ಬೇರ್ಪಡಿಸಿತು. ಕಾನೂನಿಗೆ ಆ ಗೆರೆ ಬೇಕು. ಆದರೆ ಒಬ್ಬನ ಗುಣ ಅರಿಯಲು ಮೂರೆಲೆಯೇ ವಾಸಿ. ರಮ್ಮಿ ಗೆದ್ದವನ ಖುಷಿಯಲ್ಲಿ ತನ್ನ ಜಾಣತನದ ಹೆಮ್ಮೆಯೂ ಬೆರೆತಿರುತ್ತದೆ, ಅದು ನ್ಯಾಯವೇ. ಗಳಿಸದೆ ಬಂದದ್ದರಲ್ಲಿ ಅಂಥ ಹೆಮ್ಮೆಗೆ ಎಡೆಯಿಲ್ಲ. ಅದನ್ನು ತನ್ನ ಹಕ್ಕೆಂದು ಬಾಚಿಕೊಳ್ಳುತ್ತಾನೋ, ಎಲ್ಲರ ಮುಂದೆ ಇಡುತ್ತಾನೋ ಎಂಬುದು ಪೂರ್ತಿ ಅವನಿಗೇ ಬಿಟ್ಟದ್ದು. ಎಲೆ ಅವನದಾಗಿರಲಿಲ್ಲ, “ನಮಗೆಲ್ಲಾರಿಗೂ” ಎಂಬ ಮಾತು ಅವನದು.

ಗೋವಾ ತನ್ನ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ತಂದ ಮೇಲೆ ಪಣಜಿಯ ಮಾಂಡವಿ ನದಿಯಲ್ಲಿ ಕ್ಯಾಸಿನೊ ಹಡಗುಗಳು ಬಂದು ನಿಂತವು. ಅಲ್ಲಿಯೂ ಎಲೆಗಳು ಅವೇ. ಅಲ್ಲಿ ಅದೃಷ್ಟಕ್ಕೆ ಹಣದ ಬೆಲೆಯುಂಟು. ಆದರೆ ಅದನ್ನು ತನ್ನದೆಂಬಂತೆ ಸಂಭ್ರಮಿಸುವ ಜೊತೆಗಾರನಿಲ್ಲದಿದ್ದರೆ ಗೆದ್ದ ಮೊತ್ತ ನೆನಪಿರುತ್ತದೆ, ಗೆದ್ದ ಗಳಿಗೆ ನೆನಪಿರುವುದಿಲ್ಲ.

ಇಸ್ಪೀಟಿನ ಸ್ನೇಹ ಹಗುರವಾದದ್ದು ಎಂಬ ಆಕ್ಷೇಪಕ್ಕೆ ತೂಕವಿದೆ. ಅರಿಸ್ಟಾಟಲ್ ಸ್ನೇಹದಲ್ಲಿ ಮೂರು ಬಗೆ ಹೇಳಿ, ಲಾಭ ಮತ್ತು ಸಂತೋಷಕ್ಕಾಗಿ ಮಾಡುವ ಸ್ನೇಹಗಳನ್ನು ಸದ್ಗುಣದ ಸ್ನೇಹಕ್ಕಿಂತ ಕೆಳಗಿಟ್ಟ. ಆದರೆ ಬಾಳಿನಲ್ಲಿ ಯಾವುದನ್ನು ಹೆಚ್ಚೆಂದು ಬಗೆಯುತ್ತಾರೋ ಅದನ್ನೇ ಗೆಳೆಯರ ಜೊತೆ ಮಾಡಲು ಜನ ಬಯಸುತ್ತಾರೆಂದು ಹೇಳುವಾಗ ಅವನು ತತ್ವಚಿಂತನೆಯ ಜೊತೆಗೆ ದಾಳದ ಆಟವನ್ನೂ ಹೆಸರಿಸುತ್ತಾನೆ. ಸದ್ಗುಣ ಕಾಣಿಸಿಕೊಳ್ಳಲು ಸಂಕಟವೇ ಬೇಕಾಗಿಲ್ಲ. ಖುಷಿಯಲ್ಲಿಯೂ ಅದು ಕಾಣುತ್ತದೆ.

ನಮ್ಮಲ್ಲಿ ಇಂಥ ಭೇಟಿಗಳನ್ನು ಋಣಾನುಬಂಧ ಎನ್ನುತ್ತೇವೆ. ಹಿಂದಿನ ಜನ್ಮದ ಋಣ ನಮ್ಮನ್ನು ಕೂಡಿಸುತ್ತದೆ ಎಂಬ ನಂಬಿಕೆ ಅದು. ನನಗೆ ಕಾಣುವ ಸತ್ಯ ಬೇರೆ: ಭೇಟಿ ಆಕಸ್ಮಿಕ, ಋಣ ಹುಟ್ಟುವುದು ಆಮೇಲೆ. ಸಾಧನೆಯನ್ನು ಮೆಚ್ಚಲು ಗುರುತು ಪರಿಚಯ ಬೇಕಿಲ್ಲ. ಋಣ ಗೆಳೆಯನಿಗೇ ಸಲ್ಲಬೇಕಾದದ್ದು. ಅವನಿಗೆ ಅದನ್ನು ಇನ್ನು ತೀರಿಸಲಾಗದು. ದುಡಿಯದೆ ನನ್ನ ಪಾಲಿಗೆ ಬಂದದ್ದನ್ನು ಸುತ್ತಲಿನವರದೂ ಎಂದು ಬಗೆಯುವುದು ಮಾತ್ರ ನನ್ನ ಕೈಲಾಗುತ್ತದೆ.