ವಂಶವಾಹಿ ಎಂಬುದು ಹೊಸ ಕರ್ಮವೇ?



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಕಳೆದ ಭಾನುವಾರ ಸಂಜೆ ಕೆಮ್ಮಣ್ಣಿನ ತೂಗುಸೇತುವೆಯ ಹತ್ತಿರ ಮಗಳ ಜೊತೆ ಕೂತಿದ್ದೆ. ಪಕ್ಕದಲ್ಲೇ ಇದ್ದ ಅವಳಿಂದ ನನ್ನ ಮೊಬೈಲಿಗೆ ಒಂದು ಮೆಸೇಜು ಬಂತು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸುವುದಿಲ್ಲ. ನನಗೆ ಸನ್ನೆ ಭಾಷೆ ಅರ್ಧಂಬರ್ಧ ಬರುವುದರಿಂದ ದೊಡ್ಡ ಮಾತನ್ನೆಲ್ಲ ಅವಳು ಹೀಗೆ ಬರೆದೇ ಕೇಳುವುದು.

"ಅಪ್ಪಾ, ನನ್ನ ಮಗುವೂ ನನ್ನ ಹಾಗೆಯೇ ಹುಟ್ಟುತ್ತದಾ?"

ಅವಳಿಗೆ ಈಗ ಮದುವೆ ಮಾತುಕತೆ ನಡೆಯುತ್ತಿದೆ. ಹುಡುಗ ಕಾರ್ಕಳದ ಕಡೆಯವನು. ಅವನಿಗೂ ಕಿವಿ ಕೇಳಿಸದು. ಜಾತಿ ಬೇರೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅವಳು ಹುಟ್ಟಿ ಒಂದೂವರೆ ವರ್ಷವಾದರೂ ಕರೆದರೆ ತಿರುಗದಿದ್ದಾಗ ಮನೆಗೆ ಬಂದ ಹಿರಿಯರೊಬ್ಬರು, "ಹಿಂದಿನ ಜನ್ಮದ್ದು ಮಾರಾಯ, ಅನುಭವಿಸಬೇಕು" ಎಂದರು. ನನ್ನ ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲ. ಆಗಲೇ ನಾವು ದೀಕ್ಷೆ ತೆಗೆದುಕೊಂಡವರು. ಕರ್ಮದ ಮಾತನ್ನು ನಾನು ನಂಬಲಿಲ್ಲ. ಆದರೆ ಅದರ ಜಾಗದಲ್ಲಿ ಇಡಲು ಬೇರೆ ಉತ್ತರವೂ ನನ್ನಲ್ಲಿ ಇರಲಿಲ್ಲ.

ಉತ್ತರ ಸಿಕ್ಕಿದ್ದು ವರ್ಷಗಳ ನಂತರ, ಒಂದು ರಕ್ತಪರೀಕ್ಷೆಯಲ್ಲಿ. ಜಿಜೆಬಿ2 ಎಂಬ ವಂಶವಾಹಿಯಲ್ಲಿ ದೋಷ. ಅದರ ಕೆಲಸ ಕಾನೆಕ್ಸಿನ್ 26 ಎಂಬ ಪ್ರೋಟೀನನ್ನು ಮಾಡಿಸುವುದು. ಒಳಕಿವಿಯ ಜೀವಕೋಶಗಳ ನಡುವೆ ಆ ಪ್ರೋಟೀನು ಸಣ್ಣ ಸಣ್ಣ ಬಾಗಿಲುಗಳ ಹಾಗೆ ಕೂತಿರುತ್ತದೆ. ಆ ಬಾಗಿಲುಗಳ ಮೂಲಕ ಪೊಟ್ಯಾಸಿಯಂ ಓಡಾಡಿದರೆ ಮಾತ್ರ ಕಿವಿಗೆ ಬಿದ್ದ ಶಬ್ದ ಮಿದುಳಿಗೆ ತಲುಪುವ ಸಂಕೇತವಾಗುತ್ತದೆ. ಕಿವುಡುತನವಿರುವ ಕುಟುಂಬಗಳ ಡಿಎನ್‌ಎ ಹೋಲಿಸಿ ನೋಡಿದ ವಿಜ್ಞಾನಿಗಳು 1997ರಲ್ಲಿ ಇದನ್ನು ಕಂಡುಹಿಡಿದರು. ಕೆಟ್ಟಾಗಲೇ ಒಂದು ವಂಶವಾಹಿ ಏನು ಕೆಲಸ ಮಾಡುತ್ತಿತ್ತು ಎಂದು ನಮಗೆ ಗೊತ್ತಾಗುವುದು, ಪಂಪು ಕೆಟ್ಟ ದಿನ ಬಾವಿಯ ನೆನಪಾಗುವ ಹಾಗೆ.

ನಾನು ಮದುವೆಯಾದದ್ದು ಸೋದರಮಾವನ ಮಗಳನ್ನು. ನಮ್ಮ ಅಜ್ಜನಲ್ಲೋ ಅಜ್ಜಿಯಲ್ಲೋ ಇದ್ದ ಒಂದು ದೋಷದ ಪ್ರತಿ ನನ್ನ ಅಮ್ಮನ ಮೂಲಕ ನನಗೆ ಬಂತು, ಮಾವನ ಮೂಲಕ ನನ್ನ ಹೆಂಡತಿಗೆ ಹೋಯಿತು. ಒಂದೇ ಪ್ರತಿ ಇದ್ದರೆ ಏನೂ ತೊಂದರೆಯಿಲ್ಲ, ನಮ್ಮಿಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಎರಡೂ ಪ್ರತಿ ಮಗಳಲ್ಲಿ ಒಟ್ಟುಗೂಡಿದವು. ಪ್ರತಿ ಬಸುರಿನಲ್ಲೂ ಹೀಗಾಗುವ ಸಂಭವ ನಾಲ್ಕರಲ್ಲಿ ಒಂದು. ಮಗನಿಗೆ ಆಗಲಿಲ್ಲ, ಮಗಳಿಗೆ ಆಯಿತು.

ಬಂಧುಗಳೇ, ಸತ್ಯ ಹೇಳುತ್ತೇನೆ. ಆ ದಿನ ನನಗೆ ಸಮಾಧಾನವಾಗಲಿಲ್ಲ. ಹಿಂದಿನ ಜನ್ಮದ ಪಾಪ ಅಂದಾಗ ತಪ್ಪು ಯಾರದೋ ಆಗಿತ್ತು. ಈಗ ತಪ್ಪು ನನ್ನ ರಕ್ತದಲ್ಲೇ ಇತ್ತು. ಕರ್ಮವನ್ನು ಬಾಗಿಲಿನಿಂದ ಹೊರಗೆ ಹಾಕಿದೆ, ಅದು ವಂಶವಾಹಿಯ ಹೆಸರಿನಲ್ಲಿ ಕಿಟಕಿಯಿಂದ ಒಳಗೆ ಬಂತು.

ಈ ಗಂಟನ್ನು ಬಿಡಿಸಿದ್ದು ಸಂಯುತ್ತ ನಿಕಾಯದ ಒಂದು ಸುತ್ತ. ಮೋಲಿಯ ಸೀವಕ ಎಂಬ ಪರಿವ್ರಾಜಕ ಭಗವಾನರನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ? ಭಗವಾನರು ಎಂಟು ಕಾರಣಗಳನ್ನು ಎಣಿಸುತ್ತಾರೆ. ಪಿತ್ತ, ಕಫ, ವಾತ, ಈ ಮೂರೂ ಸೇರಿದ್ದು, ಋತು ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು. ಕರ್ಮ ಕೊನೆಯದು, ಎಂಟರಲ್ಲಿ ಒಂದು. ಎಲ್ಲವೂ ಪೂರ್ವಕರ್ಮದಿಂದಲೇ ಅನ್ನುವವರು ತಾವೇ ಕಂಡು ತಿಳಿಯಬಹುದಾದ್ದನ್ನೂ ಮೀರಿ ಮಾತಾಡುತ್ತಾರೆ ಎನ್ನುತ್ತಾರೆ. ಅಂದರೆ, ಕಾಯಿಲೆಗೆ ಕಾರಣ ಹುಡುಕು, ಅಪರಾಧಿಯನ್ನು ಹುಡುಕಬೇಡ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದನ್ನೇ ಮುಂದುವರಿಸಿದ್ದಾರೆ. ಮಗು ಗುಣಲಕ್ಷಣಗಳನ್ನು ಪಡೆಯುವುದು ತಂದೆತಾಯಿಯಿಂದ ಎಂಬ ವಿಜ್ಞಾನದ ಮಾತನ್ನು ಎದುರಿಗಿಟ್ಟು, ಆತ್ಮವೊಂದು ಹಳೆಯ ಕರ್ಮವನ್ನು ಹೊತ್ತು ತರುತ್ತದೆ ಎಂಬ ವಾದವನ್ನು ತಳ್ಳಿಹಾಕುತ್ತಾರೆ. ಬಡವನ ಬಡತನಕ್ಕೆ ಬಡವನೇ ಹೊಣೆ ಎಂದು ಹೇಳಿಸಲು ಆ ವಾದ ಬೇಕಾಗಿತ್ತು ಎಂಬುದು ಅವರಿಗೆ ಗೊತ್ತಿತ್ತು.

ಈಗ ಹಂದಿಗೋಡಿಗೆ ಬನ್ನಿ. ನಮ್ಮ ಘಟ್ಟದ ಮೇಲೆ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಊರು. 1970ರ ದಶಕದ ಮಧ್ಯದಲ್ಲಿ ಅಲ್ಲಿ ಸೊಂಟ, ಮೊಣಕಾಲಿನ ಸಂದುಗಳು ಸವೆದು, ಜನ ನಡೆಯಲಾರದೆ ನರಳುವ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಕೆಲವರು ಗಿಡ್ಡರಾಗಿಯೇ ಉಳಿದರು. ಕಾಯಿಲೆ ಬಿದ್ದವರು ಹೆಚ್ಚಾಗಿ ಚಲುವಾದಿ ಮತ್ತು ಚನ್ನಂಗಿ ಸಮುದಾಯದ ಕೂಲಿಕಾರರು. ನಮ್ಮದೇ ಜನ. ಔಷಧಿ ಹೊಡೆದ ಗದ್ದೆಯ ಏಡಿ, ಮೀನು ತಿಂದದ್ದರಿಂದ ಹೀಗಾಯಿತೇ ಎಂಬ ಅನುಮಾನ ಮೊದಲು ಎದ್ದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಕುಟುಂಬಗಳ ವಂಶವೃಕ್ಷ ಬರೆದು ನೋಡಿದ ಅಧ್ಯಯನಗಳು ಇದು ಆನುವಂಶಿಕ ಎಂದವು. ನನ್ನ ಮನೆಯದಕ್ಕೆ ಎರಡು ಪ್ರತಿ ಬೇಕಿದ್ದರೆ ಇದಕ್ಕೆ ಒಂದೇ ಸಾಕು. ತಂದೆತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಸಂಭವ ಎರಡರಲ್ಲಿ ಒಂದು.

ಇಲ್ಲಿ ಎರಡು ಅಪಾಯಗಳಿವೆ. 'ಅವರ ರಕ್ತದಲ್ಲೇ ಇದೆ' ಎಂದು ಹೇಳಿ ಕೈತೊಳೆದುಕೊಳ್ಳುವುದು ಒಂದು. ಆನುವಂಶಿಕ ಅಂದ ಮಾತ್ರಕ್ಕೆ ಚಿಕಿತ್ಸೆ, ಪಿಂಚಣಿ, ಹೊಟ್ಟೆತುಂಬ ಊಟ ಬೇಡವಾಗುವುದಿಲ್ಲ. ಒಂದು ಸಮುದಾಯಕ್ಕೇ ಕಾಯಿಲೆಯ ಮುದ್ರೆ ಒತ್ತುವುದು ಇನ್ನೊಂದು. ಆದರೆ ಗಮನಿಸಿ, ಆರ್ಯವೈಶ್ಯ ಸಮುದಾಯದಲ್ಲೂ ಒಂದು ಕಿಣ್ವದ ಕೊರತೆ ಹೆಚ್ಚಾಗಿ ಕಾಣುತ್ತದೆ. ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿ ಅಂಥವರಿಗೆ ಬೇಗ ಇಳಿಯದೆ ಉಸಿರಾಟಕ್ಕೇ ತೊಂದರೆಯಾಗುತ್ತದೆ. ಗೋಡೆ ಕಟ್ಟಿಕೊಂಡ ಪ್ರತಿ ಮನೆಯೊಳಗೂ ಅದರದೇ ಆದ ತೇವ ಇರುತ್ತದೆ. ಮೇಲುಕೀಳು ಅದಕ್ಕೆ ಗೊತ್ತಿಲ್ಲ.

ಆ ಗೋಡೆ ಯಾವುದು? 1916ರ ಮೇ 9ರಂದು, 25ರ ಹರೆಯದ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ತಿರುಳು ಒಳಮದುವೆಯೇ ಎಂದು ತೋರಿಸಿದರು. ಅವರ ಕೈಯಲ್ಲಿ ಡಿಎನ್‌ಎ ಇರಲಿಲ್ಲ. ಸುಮಾರು ನೂರು ವರ್ಷಗಳ ನಂತರ, 2013ರಲ್ಲಿ, ಹೈದರಾಬಾದಿನ ಮತ್ತು ಅಮೆರಿಕದ ವಿಜ್ಞಾನಿಗಳು ಜೀನೋಮ್ ದತ್ತಾಂಶ ನೋಡಿ ಹೇಳಿದ್ದು ಇದು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಧಾರಾಳವಾಗಿ ಬೆರೆತರು, ಆಮೇಲೆ ಬೆರೆಯುವುದು ನಿಂತಿತು. ಅಂದರೆ ಜಾತಿ ಅನಾದಿಯಲ್ಲ. ಮುಚ್ಚಿದ್ದನ್ನು ತೆರೆಯಬಹುದು.

ನಮ್ಮ ದೇಶದ ಜೀನೋಮ್ ಯೋಜನೆಯಲ್ಲಿ 10,000 ಜನರ ಜೀನೋಮ್ ಓದಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಅದನ್ನು ನಡೆಸಿತು. 2025ರ ಜನವರಿಯಲ್ಲಿ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಜಗತ್ತಿನ ಬಹುಪಾಲು ಇಂಥ ದತ್ತಾಂಶ ಯುರೋಪು ಮೂಲದವರದ್ದು. ಅದರಿಂದ ಮಾಡಿದ ಅಳತೆಗೋಲು ನಮಗೆ ತಪ್ಪು ಲೆಕ್ಕ ಕೊಡುತ್ತದೆ, ಹಾಗಾಗಿ ನಮ್ಮವರೂ ಅದರಲ್ಲಿರಬೇಕು. ಆದರೆ ರಕ್ತ ಕೊಡುವಾಗ ಯಾಕೆ, ಯಾರಿಗೆ ಎಂದು ಕೇಳುವ ಹಕ್ಕೂ ನಮ್ಮದೇ. ಇನ್ನೊಂದು ನೆನಪಿರಲಿ, ಸಕ್ಕರೆ ಕಾಯಿಲೆಯಂಥವಕ್ಕೆ ಒಂದು ವಂಶವಾಹಿ ಕಾರಣವಲ್ಲ. ನೂರಾರು ವಂಶವಾಹಿಗಳು ಚೂರುಚೂರು ಭಾರ ಹಾಕುತ್ತವೆ, ಜೊತೆಗೆ ಊಟ, ದುಡಿಮೆ, ನಿದ್ದೆ ಸೇರುತ್ತವೆ. ಸಂಭವ ಅಂದರೆ ವಿಧಿಯಲ್ಲ. 'ಇದಿದ್ದರೆ ಅದು' ಎಂಬ ಪಟಿಚ್ಚಸಮುಪ್ಪಾದವನ್ನು ಓದಿದ ನಮಗೆ ಇದು ಹೊಸ ಮಾತೇನೂ ಅಲ್ಲ.

ತೂಗುಸೇತುವೆಯ ಹತ್ತಿರ ಮಗಳಿಗೆ ಇಷ್ಟನ್ನು ಬರೆದೆ: ಹುಡುಗನಿಗೂ ಇದೇ ವಂಶವಾಹಿಯ ದೋಷವಿದ್ದರೆ ಮಕ್ಕಳಿಗೆಲ್ಲ ಬರುತ್ತದೆ. ಅವನ ಕಾರಣ ಬೇರೆಯಾಗಿದ್ದರೆ ಮಕ್ಕಳಿಗೆ ಕೇಳಿಸುವ ಸಂಭವವೇ ಹೆಚ್ಚು. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಅವಳು ಓದಿದಳು. ಸ್ವಲ್ಪ ಹೊತ್ತು ಸುವರ್ಣಾ ನದಿಯನ್ನೇ ನೋಡಿದಳು. ಮತ್ತೆ ಬರೆದಳು: "ಪರೀಕ್ಷೆ ಮಾಡಿಸುತ್ತೇವೆ, ತಿಳಿದುಕೊಳ್ಳುವುದು ಒಳ್ಳೆಯದೇ. ಆದರೆ ನನ್ನ ಹಾಗೆ ಹುಟ್ಟಿದರೆ ಅಷ್ಟು ಕೆಟ್ಟದಾ ಅಪ್ಪಾ? ನಾನು ಕೆಟ್ಟು ಹೋಗಿದ್ದೇನಾ?"

ಈ ಪ್ರಶ್ನೆಗೆ ಯಾವ ಪ್ರಯೋಗಾಲಯವೂ ಉತ್ತರ ಕೊಡುವುದಿಲ್ಲ, ನಾನೇ ಕೊಡಬೇಕಿತ್ತು. ನೆನೆದು ನೋಡಿದೆ. ಅವಳು ಅತ್ತದ್ದು ಕಿವಿ ಕೇಳಿಸದ್ದಕ್ಕಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿಗೆ ತಳ್ಳಿದ್ದಕ್ಕೆ ಅತ್ತಳು. ನೆಂಟರ ಮದುವೆಗಳಲ್ಲಿ ಯಾರೂ ಅವಳ ಕಡೆ ತಿರುಗಿ ಮಾತಾಡದ್ದಕ್ಕೆ ಅತ್ತಳು. ಇಷ್ಟು ವರ್ಷ ಅಪ್ಪ ಸನ್ನೆ ಭಾಷೆಯನ್ನು ಪೂರ್ತಿ ಕಲಿಯದ್ದಕ್ಕೆ ಅತ್ತಳು. ದುಃಖದ ಬೇರು ಅವಳ ಕಿವಿಯಲ್ಲಿದ್ದದ್ದು ಕಡಿಮೆ, ನಮ್ಮ ನಡತೆಯಲ್ಲಿದ್ದದ್ದು ಹೆಚ್ಚು.

ವಂಶವಾಹಿ ನನಗೆ ಬಂದದ್ದು, ನಾನು ಆರಿಸಿಕೊಂಡದ್ದಲ್ಲ. ಅದಕ್ಕೆ ನಾನು ಅಪರಾಧಿಯಲ್ಲ. ಆದರೆ ತಿಳಿದ ಮೇಲೆ ಏನು ಮಾಡಿದೆ ಎಂಬುದು ನನ್ನದು. ಭಗವಾನರು ಕಮ್ಮ ಎಂದದ್ದು ಚೇತನವನ್ನು, ನಾವು ಮನಸಾರೆ ಮಾಡುವುದನ್ನು.

"ಇಲ್ಲ ಮಗಾ" ಎಂದು ಮೊಬೈಲಿನಲ್ಲಿ ಬರೆಯದೆ ಕೈಯಲ್ಲೇ ಹೇಳಿದೆ. ಸನ್ನೆ ತಪ್ಪಾಗಿರಬೇಕು, ಅವಳು ನಕ್ಕು ತಿದ್ದಿದಳು. ಸೋಮವಾರದಿಂದ ದಿನಾ ಅರ್ಧ ಗಂಟೆ ಪಾಠ ಶುರುವಾಗಿದೆ.

*ಇಂದು ಯೋಚಿಸೋಣ:* ನಮ್ಮ ಮನೆಯಲ್ಲಿ, ಕೇರಿಯಲ್ಲಿ ಯಾರ ಕಾಯಿಲೆಯನ್ನು ನಾವು 'ಅವರ ಹಣೆಬರಹ' ಎಂದು ಬಿಟ್ಟಿದ್ದೇವೆ? ಅದರಲ್ಲಿ ದೇಹದ ಪಾಲೆಷ್ಟು, ನಮ್ಮ ಪಾಲೆಷ್ಟು?

ಜೈ ಭೀಮ್ 💙 ನಮೋ ಬುದ್ಧಾಯ