ಹೊಲದ ಅಂಚು ಯಾರದು?

ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಬೇಸಾಯಗಾರನಿಗೆ ವಿಧಿಸಿದ ಒಂದು ಕಟ್ಟಳೆಯಿದೆ. ಸುಗ್ಗಿಯ ಕಾಲದಲ್ಲಿ ಅವನು ಹೊಲದ ಅಂಚಿನವರೆಗೂ ಕುಡುಗೋಲು ಆಡಿಸುವಂತಿಲ್ಲ. ಕೊಯ್ಲಿನವರ ಕೈಯಿಂದ ಜಾರಿದ ತೆನೆಗಳನ್ನು ಮತ್ತೆ ಹೆಕ್ಕಿಸುವಂತಿಲ್ಲ. ಅವು ಬಡವರ ಪಾಲು, ಊರಿಗೆ ಬಂದ ಪರದೇಶಿಯ ಪಾಲು. ಈ ಭಾಗವನ್ನು ನಾವು ದಾನಧರ್ಮದ ಉಪದೇಶವೆಂದು ಓದಿ ಮುಂದೆ ಸಾಗುತ್ತೇವೆ. ಆದರೆ ತುಸು ನಿಂತು ನೋಡಿದರೆ ಅಲ್ಲೊಂದು ವಿಶೇಷ ಕಾಣುತ್ತದೆ. ಹೊಲದೊಡೆಯನು ಆ ಅಂಚಿನ ಫಸಲನ್ನು ಕೊಯ್ದು, ಬಡಿದು, ತೂರಿ, ಮೂಟೆ ಕಟ್ಟಿ ಬಡವರಿಗೆ ಹಂಚಬೇಕೆಂದು ಕಟ್ಟಳೆ ಹೇಳುವುದಿಲ್ಲ. ಹಾಗೆ ಹೇಳಿದ್ದರೆ ಅವನಿಗೆ ಹೆಸರಾದರೂ ಬರುತ್ತಿತ್ತು! ಅವನು ಮಾಡಬೇಕಾದದ್ದು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಷ್ಟೇ. ಉಳಿದ ಫಸಲು ನಿಂತಲ್ಲೇ ನಿಂತಿರುತ್ತದೆ. ಬಡವನು ತಾನೇ ಬಂದು, ತನ್ನ ಕೈಯಾರೆ ಕೊಯ್ದುಕೊಂಡು ಹೋಗುತ್ತಾನೆ. ಹಾಗಾದರೆ ಹಸಿದವನಿಗೆ ನಾವು ಸಲ್ಲಿಸಬೇಕಾದದ್ದು ಯಾವುದು? ಬೇಯಿಸಿದ ಅನ್ನವೋ, ಹೊಲದ ಅಂಚೋ?

ಹೊಲಗಳೇ ಇಲ್ಲದ ಒಂದು ಮಹಾನಗರದಲ್ಲಿ ಈ ಪ್ರಶ್ನೆ ಮತ್ತೆ ಜೀವ ತಳೆದ ಬಗೆ ಆಲೋಚನೆಗೆ ಯೋಗ್ಯವಾದದ್ದು. ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ನಗರವು ಮೋಟಾರು ಕಾರುಗಳ ತವರು. 1950ರಲ್ಲಿ ಅಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದರು. ಅನಂತರ ಕಾರ್ಖಾನೆಗಳು ಒಂದೊಂದಾಗಿ ಹೊರಹೋದವು. ಬಿಳಿಯ ಕುಟುಂಬಗಳು ಹೊರವಲಯದ ಬಡಾವಣೆಗಳಿಗೆ ತೆರಳಿದವು. 1967ರ ಗಲಭೆಯು ಉಳಿದವರ ಧೈರ್ಯವನ್ನೂ ಕುಗ್ಗಿಸಿತು. 2020ರ ಜನಗಣತಿಯ ವೇಳೆಗೆ ಅಲ್ಲಿ ಉಳಿದಿದ್ದವರು 6.39 ಲಕ್ಷ ಮಂದಿ; ಅವರಲ್ಲಿ ಬಹುಪಾಲು ಕಪ್ಪು ಜನಾಂಗದವರು. ಪಾಳುಬಿದ್ದ ಮನೆಗಳನ್ನು ಕೆಡವಿದಲ್ಲೆಲ್ಲ ಖಾಲಿ ನಿವೇಶನಗಳು, ಆಳೆತ್ತರದ ಹುಲ್ಲು. 2013ರಲ್ಲಿ ನಗರಾಡಳಿತವೇ ದಿವಾಳಿತನ ಘೋಷಿಸಿತು.

ಜನ ಹೋದಂತೆ ಅಂಗಡಿಗಳೂ ಹೋದವು. 2007ರಲ್ಲಿ ಕೊನೆಯ ದೊಡ್ಡ ಸರಣಿಯ ದಿನಸಿ ಮಳಿಗೆಯೂ ಬಾಗಿಲು ಮುಚ್ಚಿತು. ಅಂಥ ಇನ್ನೊಂದು ನಗರದೊಳಕ್ಕೆ ಬಂದದ್ದು 2013ರಲ್ಲಿ. ಸಣ್ಣ ಖಾಸಗಿ ಅಂಗಡಿಗಳು ಇದ್ದವು, ಆದರೆ ಅನೇಕ ಕೇರಿಗಳಲ್ಲಿ ಮನೆಗೆ ಹತ್ತಿರವಾಗಿ ತಿನ್ನಲು ಸಿಗುತ್ತಿದ್ದದ್ದು ಪೆಟ್ರೋಲ್ ಬಂಕಿನ ಪಕ್ಕದ ಮಳಿಗೆಯಲ್ಲಿ ಅಥವಾ ಮದ್ಯದಂಗಡಿಯಲ್ಲಿ. ಚಿಪ್ಸ್, ಸೋಡಾ, ಡಬ್ಬಿಯಲ್ಲಿ ತುಂಬಿದ ಸಾರು, ತಿಂಗಳುಗಟ್ಟಲೆ ಕೆಡದ ಸಿಹಿ ರೊಟ್ಟಿ! ಕಾರುಗಳನ್ನು ಜಗತ್ತಿಗೆ ಕೊಟ್ಟ ಊರಿನಲ್ಲೇ ಕಾರಿಲ್ಲದ ಬಡ ಕುಟುಂಬಗಳು ಸೊಪ್ಪು ಕೊಳ್ಳಲು ಎರಡೆರಡು ಬಸ್ಸು ಹತ್ತಬೇಕಾಯಿತು. ಹೊಟ್ಟೆ ತುಂಬುತ್ತಿತ್ತು, ಆದರೆ ಆ ತುಂಬಿದ ಹೊಟ್ಟೆಯೇ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ದಾರಿಯಾಗುತ್ತಿತ್ತು. ಇಂಥ ಪ್ರದೇಶವನ್ನು ಪಂಡಿತರು ‘ಆಹಾರದ ಮರುಭೂಮಿ’ ಎನ್ನುತ್ತಾರೆ. ಅದರ ವಿರುದ್ಧ ದುಡಿಯುವವರಲ್ಲಿ ಅನೇಕರಿಗೆ ಈ ಮಾತು ರುಚಿಸುವುದಿಲ್ಲ. ಮರುಭೂಮಿ ಪ್ರಕೃತಿಯ ಸೃಷ್ಟಿ. ಇದಾದರೋ ಮನುಷ್ಯರ ತೀರ್ಮಾನಗಳಿಂದ ಆದದ್ದು ಎಂಬುದು ಅವರ ವಾದ. ಅವರ ಮಾತಿನಲ್ಲಿ ಸತ್ಯವಿದೆ ಎಂದೇ ನನಗೂ ತೋರುತ್ತದೆ.

ಈ ನಗರದ ಪೂರ್ವ ಭಾಗದಲ್ಲಿ ಸಂತ ಬೊನವೆಂತೂರರ ಹೆಸರಿನ ಕಪುಚಿನ್ ಮಠವಿದೆ. ಅಲ್ಲಿ ಬಾಗಿಲು ಕಾಯುತ್ತಿದ್ದವರು ಫಾದರ್ ಸೊಲಾನುಸ್ ಕೇಸಿ. ವಿದ್ಯಾಭ್ಯಾಸದಲ್ಲಿ ಹಿಂದುಳಿದರೆಂಬ ಕಾರಣಕ್ಕೆ ಗುರುದೀಕ್ಷೆ ದೊರೆತರೂ ಪಾಪನಿವೇದನೆ ಕೇಳುವ ಅಧಿಕಾರವನ್ನು ಅವರಿಗೆ ಕೊಟ್ಟಿರಲಿಲ್ಲ. ಕರೆಗಂಟೆ ಬಾರಿಸಿದವರಿಗೆ ಬಾಗಿಲು ತೆರೆಯುವುದೇ ಅವರ ಪಾಲಿಗೆ ಬಂದ ಕೆಲಸ. 1929ರಲ್ಲಿ ಆರ್ಥಿಕ ಕುಸಿತ ಬಂದೆರಗಿದಾಗ ಆ ಬಾಗಿಲಿಗೆ ಬಂದವರು ಹಸಿದವರು. ಅವರಿಗೆ ಬ್ರೆಡ್ಡು, ಸೂಪು ಕೊಡುವ ಅನ್ನಛತ್ರ ಆಗ ಆರಂಭವಾಯಿತು. 1957ರಲ್ಲಿ ತೀರಿಕೊಂಡ ಸೊಲಾನುಸರನ್ನು 2017ರ ನವೆಂಬರ್ 18ರಂದು ಅದೇ ನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿ ಪುನೀತ ಪದವಿಗೇರಿಸಲಾಯಿತು.

ಅನ್ನಛತ್ರ ಶುರುವಾಗಿ ಏಳು ದಶಕ ತುಂಬುವ ಹೊತ್ತಿಗೆ, 1997ರಲ್ಲಿ, ಅಲ್ಲಿ ಸೇವೆ ಮಾಡುತ್ತಿದ್ದ ಒಬ್ಬ ಕಪುಚಿನ್ ಸಹೋದರರು ಪಕ್ಕದ ಖಾಲಿ ಜಾಗದಲ್ಲಿ ಒಂದು ಸಣ್ಣ ಕೈತೋಟ ಹಾಕಿದರು. ಆಹಾರ ಎಲ್ಲಿಂದ ಬರುತ್ತದೆಂದು ಕೇಳಿದಾಗ ಅಲ್ಲಿಯ ಮಕ್ಕಳು ಪೆಟ್ರೋಲ್ ಬಂಕನ್ನು ಹೆಸರಿಸಿದ್ದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಆ ಕೈತೋಟ ಬೆಳೆದು, ಕೇರಿಯ ಹಲವು ನಿವೇಶನಗಳಿಗೆ ಹರಡಿ, ‘ಅರ್ತ್‌ವರ್ಕ್ಸ್’ ಎಂಬ ನಗರ ತೋಟವಾಯಿತು.

ಅದು ಸುಲಭದ ಕೆಲಸವೆಂದು ಭಾವಿಸಬಾರದು. ಹಳೆಯ ಮನೆಗಳ ಬಣ್ಣದಲ್ಲಿ ಸೀಸವಿತ್ತು. ಮನೆ ಕೆಡವಿದಾಗ ಅದೂ ಮಣ್ಣಿಗೆ ಸೇರಿತು. ಸೀಸ ಮಕ್ಕಳ ಮೆದುಳಿಗೆ ವಿಷ. ಆದ್ದರಿಂದ ಇಂಥ ನಗರಗಳಲ್ಲಿ ಮೊದಲು ಮಣ್ಣಿನ ಪರೀಕ್ಷೆ; ಅನುಮಾನವಿದ್ದಲ್ಲಿ ಹಲಗೆಗಳ ಚೌಕಟ್ಟು ಕಟ್ಟಿ ಹೊರಗಿನ ಒಳ್ಳೆಯ ಮಣ್ಣನ್ನೂ ಕಾಂಪೋಸ್ಟನ್ನೂ ತುಂಬಿ, ನೆಲದಿಂದ ಎತ್ತರಿಸಿದ ಪಾತಿಗಳಲ್ಲಿ ಬೆಳೆಯುತ್ತಾರೆ. ಚಳಿಗಾಲ ದೀರ್ಘ, ಹಿಮ ಬೀಳುತ್ತದೆ. ಕಮಾನಿನಂತೆ ಬಾಗಿಸಿದ ಕೊಳವೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲಿನ ಶಾಖವನ್ನೇ ಹಿಡಿದಿಟ್ಟುಕೊಂಡು ಆ ಚಳಿಯಲ್ಲೂ ಸೊಪ್ಪು ಬೆಳೆಸುತ್ತಾರೆ. ಅರ್ತ್‌ವರ್ಕ್ಸ್‌ನ ತರಕಾರಿ ಅನ್ನಛತ್ರದ ಅಡುಗೆಮನೆಗೆ ಹೋಗುತ್ತಿತ್ತು. ಜೊತೆಗೆ ನಗರದ ಇತರ ತೋಟಗಳಿಗೆ ಬೇಕಾದ ಸಸಿಗಳೂ ಅಲ್ಲಿ ಬೆಳೆದವು. ಪಾಲಕ್ ಸೊಪ್ಪನ್ನು ಕಿತ್ತ ಗಳಿಗೆಯಿಂದಲೇ ಅದರ ಸಿ ಜೀವಸತ್ವ ಕುಂದತೊಡಗುತ್ತದೆ. ಸಾವಿರಾರು ಮೈಲಿ ಲಾರಿಯಲ್ಲಿ ಬಂದ ಎಲೆಗೂ ಬೆಳಿಗ್ಗೆ ಕಿತ್ತು ಮಧ್ಯಾಹ್ನ ಬಡಿಸಿದ ಎಲೆಗೂ ಇರುವ ಅಂತರವನ್ನು ಹಿತ್ತಿಲಲ್ಲಿ ಬಸಳೆ ಚಪ್ಪರ ಇಟ್ಟುಕೊಂಡ ಗೃಹಿಣಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಮುಜುಗರದ ವಿಷಯ. ಬಡವರಿಗೆ ನಾವು ಸಾಮಾನ್ಯವಾಗಿ ಕೊಡುವುದು ಉಳಿದದ್ದನ್ನು. ಮದುವೆಯ ಊಟ ಮಿಕ್ಕಿತು, ಅನಾಥಾಶ್ರಮಕ್ಕೆ ಕಳುಹಿಸಿ ಎನ್ನುತ್ತೇವೆ; ಅದು ತಪ್ಪೆಂದಲ್ಲ, ಚೆಲ್ಲುವುದಕ್ಕಿಂತ ಎಷ್ಟೋ ಮೇಲು. ಆದರೆ ಆ ಊಟದಲ್ಲಿ ಏನಿರಬೇಕೆಂದು ಉಣ್ಣುವವರನ್ನು ನಾವು ಎಂದೂ ಕೇಳಿಲ್ಲ. ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ತಟ್ಟೆಗೆ ಬಿದ್ದದ್ದನ್ನು ತಿನ್ನುವುದೇ ಕೃತಜ್ಞತೆಯೆನಿಸಿಕೊಳ್ಳುತ್ತದೆ. ಬೋವಜನು ರೂತಳ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ಇದರೊಡನೆ ಹೋಲಿಸಿ ನೋಡಿ. ಅವಳಿಗಾಗಿ ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಜಾರಿಸಿ ಬಿಡಿರೆಂದು ಅವನು ಆಳುಗಳಿಗೆ ಹೇಳಿದ. ಅವಳನ್ನು ಗದರಿಸಬೇಡಿರೆಂದೂ ಎಚ್ಚರಿಸಿದ. ಸಂಜೆ ಅವಳು ಮನೆಗೆ ಕೊಂಡೊಯ್ದ ಜವೆಗೋದಿ ಯಾರ ದಾನ? ಬೋವಜನದೂ ಹೌದು, ಆದರೆ ಅತ್ತೆಯ ಮುಂದೆ ಅದನ್ನಿಟ್ಟಾಗ ಅದು ರೂತಳ ದುಡಿಮೆ. ಕೊಟ್ಟದ್ದನ್ನು ಕೊಟ್ಟಂತೆ ಕಾಣದ ಹಾಗೆ ಕೊಡುವ ಈ ಸೂಕ್ಷ್ಮವೇ ಬೆಲೆಯುಳ್ಳದ್ದು.

ಈ ಮಾತಿಗೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚಬಾರದು. ಹಸಿದವನ ಕೈಗೆ ಗುದ್ದಲಿ ಕೊಡುವುದು ಕ್ರೂರವಲ್ಲವೇ? ಎರಡು ಪಾಳಿ ದುಡಿದು ರಾತ್ರಿ ಮನೆಗೆ ಬರುವ ತಾಯಿಗೆ ಪಾತಿಗೆ ನೀರು ಹಾಯಿಸುವ ವೇಳೆ ಎಲ್ಲಿದೆ? ಮುದುಕರು, ರೋಗಿಗಳು ಏನು ಮಾಡಬೇಕು? ಉಳ್ಳವರು ಮಾತ್ರ ಅಂಗಡಿಯಲ್ಲಿ ಕೊಂಡು ತಿನ್ನಬಹುದು, ಬಡವರು ಬೆಳೆದೇ ತಿನ್ನಬೇಕೆಂದರೆ ಅದು ನ್ಯಾಯವೇ? ಕೆಲವು ಎಕರೆ ತೋಟ ಇಡೀ ನಗರವನ್ನು ಉಣಿಸಲಾರದೆಂಬುದೂ ಸತ್ಯವೇ. ಬೇಳೆ, ಎಣ್ಣೆ, ಹಿಟ್ಟು ಹೇಗಿದ್ದರೂ ಅಂಗಡಿಯಿಂದಲೇ ಬರಬೇಕು. ತೋಟದ ಚಿತ್ರ ತೋರಿಸಿ ಅಂಗಡಿ ತರುವ ಹೊಣೆಯಿಂದ ಆಡಳಿತ ಜಾರಿಕೊಳ್ಳುವುದಾದರೆ ಆ ತೋಟ ಅನ್ಯಾಯಕ್ಕೆ ಹೊದಿಸಿದ ಹಸಿರು ಬಟ್ಟೆಯಾದೀತು. ಕಪುಚಿನ್ನರು ತೋಟ ಹಾಕಿದ ಮೇಲೂ ಅನ್ನಛತ್ರವನ್ನು ಮುಚ್ಚಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದುಡಿಯಬಲ್ಲವನಿಗೆ ಮಣ್ಣು, ದುಡಿಯಲಾರದವನಿಗೆ ತಟ್ಟೆ. ಯಾರು ಯಾವುದಕ್ಕೆ ಬಂದರೂ ಬಾಗಿಲಲ್ಲಿ ವಿಚಾರಣೆಯಿಲ್ಲ.

ಬಡವರು ಮೈಗಳ್ಳರು, ನೆಲ ಕೊಟ್ಟರೂ ಅಗೆಯಲಾರರು ಎನ್ನುವವರಿಗೆ ಅದೇ ನಗರದ ಹಳೆಯ ಕಥೆಯೊಂದು ಉತ್ತರ ಹೇಳುತ್ತದೆ. 1893ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡಾಗ ಅಲ್ಲಿಯ ಮೇಯರ್ ಆಗಿದ್ದವರು ಹೇಜನ್ ಪಿಂಗ್ರಿ, ಚಪ್ಪಲಿ ಕಾರ್ಖಾನೆಯ ಮಾಲೀಕರು. 1894ರಲ್ಲಿ ಅವರು ನಗರದ ಖಾಲಿ ನಿವೇಶನಗಳ ಒಡೆಯರನ್ನು ಒಪ್ಪಿಸಿ, ಆ ಜಾಗದಲ್ಲಿ ನಿರುದ್ಯೋಗಿಗಳು ಆಲೂಗೆಡ್ಡೆ, ಹುರುಳಿಕಾಯಿ ಬೆಳೆದುಕೊಳ್ಳಲು ಏರ್ಪಾಟು ಮಾಡಿದರು. ಪತ್ರಿಕೆಗಳು ಗೇಲಿ ಮಾಡಿದವು. ದೇವಾಲಯಗಳಲ್ಲಿ ಕಾಣಿಕೆ ಎತ್ತಿಕೊಡಿರೆಂದು ಕೇಳಿದರೆ ಬಂದದ್ದು ಅತ್ಯಲ್ಪ, ಇದನ್ನು ಓದುವಾಗ ನನಗೆ ನಾಚಿಕೆಯಾಗುತ್ತದೆ. ಮೇಯರರು ಬೀಜ ಮತ್ತು ಸಲಕರಣೆಗಳಿಗಾಗಿ ತಮ್ಮ ಒಳ್ಳೆಯ ಕುದುರೆಯನ್ನೇ ಹರಾಜಿಗಿಟ್ಟರು. ಮೈಗಳ್ಳರೆಂದು ಕರೆಸಿಕೊಂಡವರು ನೆಲಕ್ಕಾಗಿ ಎಷ್ಟು ಅರ್ಜಿ ಹಾಕಿದರೆಂದರೆ, ಸುಮಾರು 430 ಎಕರೆ ದೊರೆತರೂ ಸಾಲಲಿಲ್ಲ. ಶರತ್ಕಾಲದಲ್ಲಿ ಖರ್ಚಿಗಿಂತ ಹಲವು ಪಟ್ಟು ಬೆಲೆಯ ಫಸಲು ಬಂದಿತು. ಬೇರೆ ನಗರಗಳೂ ಆ ಮಾದರಿಯನ್ನು ಅನುಸರಿಸಿದವು. ಆದರೆ ನೆಲ ಎರವಲಿನದು. ವ್ಯಾಪಾರ ಚೇತರಿಸಿ ನಿವೇಶನಗಳಿಗೆ ಬೆಲೆ ಬಂದೊಡನೆ, ಕೆಲವೇ ವರ್ಷಗಳಲ್ಲಿ ಆ ಆಲೂಗೆಡ್ಡೆ ಪಾತಿಗಳು ಇಲ್ಲವಾದವು.

ಇನ್ನೊಂದು ಎಡವಟ್ಟೂ ಇದೆ. ಒಳ್ಳೆಯದನ್ನು ಮಾಡಲು ಹೊರಟವರು ತಾವೇ ಯಜಮಾನರಾಗಿಬಿಡುವುದು! ಡೆಟ್ರಾಯ್ಟಿನಲ್ಲಿ ನಗರ ತೋಟಗಳು ಹೆಚ್ಚಿದಂತೆ ಅವುಗಳ ಮುಂದಾಳುಗಳಾಗಿ ಕಾಣಿಸಿಕೊಂಡವರಲ್ಲಿ ಹೊರಗಿನಿಂದ ಬಂದ ಬಿಳಿಯ ಯುವಕರೇ ಹೆಚ್ಚಾದರು. ಇದನ್ನು ಕಂಡು, ಶಾಲಾ ಮುಖ್ಯಸ್ಥರಾಗಿದ್ದ ಮಲಿಕ್ ಯಾಕಿನಿ ಮತ್ತು ಅವರ ಸಂಗಡಿಗರು 2006ರಲ್ಲಿ ಕಪ್ಪು ಸಮುದಾಯದ ಆಹಾರ ಭದ್ರತೆಗಾಗಿ ತಮ್ಮದೇ ಸಂಘಟನೆ ಕಟ್ಟಿದರು. ನಗರಾಡಳಿತದಿಂದ ಗೇಣಿಗೆ ಪಡೆದ ಉದ್ಯಾನದ ನೆಲದಲ್ಲಿ ಅವರ ‘ಡಿ-ಟೌನ್’ ತೋಟ ಏಳು ಎಕರೆಗೆ ಬೆಳೆಯಿತು. ಅವರ ಹಿರಿಯರಿಗೆ ಮಣ್ಣು ಹೊಸದಲ್ಲ. ದಕ್ಷಿಣದ ಹತ್ತಿಯ ಹೊಲಗಳಲ್ಲಿ ಮೊದಲು ಗುಲಾಮರಾಗಿ, ಅನಂತರ ಪಾಲುಗೇಣಿದಾರರಾಗಿ ದುಡಿದ ಪೀಳಿಗೆಗಳ ಸಂತಾನ ಅವರು. ಆ ದುಡಿಮೆಯಿಂದ ತಪ್ಪಿಸಿಕೊಂಡು ಕಾರ್ಖಾನೆಯ ನಗರಕ್ಕೆ ಬಂದವರ ಮೊಮ್ಮಕ್ಕಳಿಗೆ ಮತ್ತೆ ಗುದ್ದಲಿ ಹಿಡಿಯಿರೆಂದರೆ ಅದು ಅವಮಾನವೆನಿಸಿದರೆ ಆಶ್ಚರ್ಯವಿಲ್ಲ. ಅದೇ ಹಿರಿಯರು ತಮ್ಮೊಡನೆ ಕೊಲಾರ್ಡ್ ಸೊಪ್ಪು ಬೆಳೆಯುವ, ಬೇಯಿಸುವ ಅರಿವನ್ನೂ ತಂದಿದ್ದರು. ಅದನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ.

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನದ ತೆನೆಹಬ್ಬ ಆಚರಿಸುವಾಗ, ಆಶೀರ್ವದಿಸಿದ ತೆನೆಯನ್ನು ಮನೆಮನೆಗೂ ಕೊಡುತ್ತಾರೆ. ಗದ್ದೆಯುಳ್ಳವನಿಗೂ ತೆನೆ, ಬಾಡಿಗೆ ಮನೆಯಲ್ಲಿರುವವನಿಗೂ ತೆನೆ. ಗದ್ದೆಯಿಲ್ಲದವನ ಕೈಯಲ್ಲಿರುವ ಆ ತೆನೆಗೆ ಏನರ್ಥ ಎಂದು ನಾನು ಬಾಲ್ಯದಲ್ಲಿ ಕೇಳಿಕೊಂಡವನಲ್ಲ. ಡೆಟ್ರಾಯ್ಟಿನ ವಿಷಯ ಓದುವಾಗ ಆ ಪ್ರಶ್ನೆ ಮೂಡಿತು. ಹೊಸ ಫಸಲು ಎಲ್ಲರದೂ ಎಂದು ಒಂದು ದಿನ ಒಪ್ಪಿಕೊಳ್ಳುವುದು ಸುಲಭ. ಅದು ಹುಟ್ಟಿದ ನೆಲದ ಮಾತು ಬಂದಾಗ ನಾವು ಮೌನವಾಗುತ್ತೇವೆ.

ಅರಸುಗಳ ಗ್ರಂಥದಲ್ಲಿ ನಾಬೋತನ ಪ್ರಸಂಗವಿದೆ. ಅವನ ದ್ರಾಕ್ಷಿತೋಟವನ್ನು ಅರಸ ಅಹಾಬನು ಬಯಸಿದ್ದು ಯಾವ ಉದ್ದೇಶಕ್ಕಾಗಿ ಎಂಬುದು ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಅರಮನೆಗೆ ಹತ್ತಿರವಿದೆ, ತರಕಾರಿ ತೋಟ ಮಾಡಿಕೊಳ್ಳುತ್ತೇನೆ ಎಂಬುದು ಅವನ ಕೋರಿಕೆ! ಬದಲಿ ತೋಟ ಕೊಡಲೂ ಹಣ ಕೊಡಲೂ ಅವನು ಸಿದ್ಧನಿದ್ದ. ಪಿತ್ರಾರ್ಜಿತವನ್ನು ಬಿಟ್ಟುಕೊಡೆನೆಂದ ನಾಬೋತ ಪ್ರಾಣ ಕಳೆದುಕೊಂಡ. ತರಕಾರಿ ತೋಟವೆಂದ ಮಾತ್ರಕ್ಕೆ ಅದು ಧರ್ಮಕಾರ್ಯವಾಗುವುದಿಲ್ಲ. ಯಾರ ನೆಲ, ಯಾರ ಒಪ್ಪಿಗೆ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರುತ್ತದೆ. 2012ರ ಡಿಸೆಂಬರಿನಲ್ಲಿ ಡೆಟ್ರಾಯ್ಟಿನ ನಗರಸಭೆ ಸುಮಾರು 1,500 ಖಾಲಿ ನಿವೇಶನಗಳನ್ನು, ಅಂದರೆ 140 ಎಕರೆಯಷ್ಟನ್ನು, ಮರ ಬೆಳೆಸುವ ಯೋಜನೆಗಾಗಿ ಒಬ್ಬ ಉದ್ಯಮಿಗೆ ಮಾರಲು ಒಪ್ಪಿತು. ಪಾಳು ಜಾಗ ಸ್ವಚ್ಛವಾಗುತ್ತದೆ, ತೆರಿಗೆ ಬರುತ್ತದೆ ಎಂಬುದು ಪರವಾದವರ ವಾದ. ವರ್ಷಗಟ್ಟಲೆ ಪಕ್ಕದ ಹುಲ್ಲು ಕತ್ತರಿಸಿ, ಪಾತಿ ಮಾಡಿ, ನೀರೆರೆದವರಿಗೆ ಒಂದು ತುಂಡೂ ಸುಲಭವಾಗಿ ಸಿಗದಿರುವಾಗ ಒಬ್ಬನಿಗೇ ಇಷ್ಟೆಲ್ಲ ಹೇಗೆ ಎಂಬುದು ಕೇರಿಯವರ ದೂರು. ಎರಡನ್ನೂ ತೂಗಿ ನೋಡಿದರೆ ನನ್ನ ಮನಸ್ಸು ಕೇರಿಯವರ ಕಡೆಗೇ ವಾಲುತ್ತದೆ.

ಮುಂದಿನ ವರ್ಷ, 2013ರಲ್ಲಿ, ನಗರದೊಳಗಿನ ಬೇಸಾಯವನ್ನು ಕಾನೂನುಬದ್ಧಗೊಳಿಸುವ ನಿಯಮ ಜಾರಿಗೆ ಬಂದಿತು. 2020ರಲ್ಲಿ ಅಲ್ಲಿಯ ಕೆಲವು ತೋಟ ಸಂಘಟನೆಗಳು ಸೇರಿ ಕಪ್ಪು ಬೇಸಾಯಗಾರರಿಗಾಗಿ ಭೂನಿಧಿಯೊಂದನ್ನು ಆರಂಭಿಸಿದವು. 2024ರಲ್ಲಿ ಯಾಕಿನಿಯವರ ಸಂಘಟನೆಯ ಬಹುವರ್ಷದ ಶ್ರಮದಿಂದ, ಸದಸ್ಯರೇ ಒಡೆಯರಾಗಿರುವ ಸಹಕಾರಿ ದಿನಸಿ ಮಳಿಗೆ ತೆರೆಯಿತು. ಸೊಪ್ಪಿನ ಜೊತೆಗೆ ಬೇಳೆ, ಎಣ್ಣೆ, ಹಿಟ್ಟೂ ಅಲ್ಲಿ ಸಿಗುತ್ತವೆ. ಭೂನಿಧಿಗೆ ಬಂದ ಹಣ ಬೀಜಕ್ಕಲ್ಲ, ಗೊಬ್ಬರಕ್ಕಲ್ಲ. ತಾವು ಈಗಾಗಲೇ ಉತ್ತು ಬಿತ್ತುತ್ತಿದ್ದ ನಿವೇಶನಗಳನ್ನು ಜನರು ತಮ್ಮ ಹೆಸರಿಗೆ ಬರೆಸಿಕೊಳ್ಳುವುದಕ್ಕೆ.